ಸಾಫ್ಟ್ ಸ್ಕಿಲ್ಸ್ ಪೀರಿಯಡ್‌ನಲ್ಲಿ ನೋಟ್ಸ್ ಬರೆದುಕೊಂಡರು, ಮಾರನೇ ದಿನ ಅಯಸ್ಕಾಂತಕ್ಕೆ ಜಗಳ

ಎಂಟನೇ ಕ್ಲಾಸ್ ವಿಜ್ಞಾನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ 42 ಮಕ್ಕಳು. ಈ ಸಲ ಶಾಲೆಯಲ್ಲಿ ವಾರಕ್ಕೊಂದು ಪೀರಿಯಡ್ 'ಸಾಫ್ಟ್ ಸ್ಕಿಲ್ಸ್' ಅಂತ ಹಾಕಿದ್ದಾರೆ, ಅಂದರೆ ಕೂಡಿ ಕೆಲಸ ಮಾಡುವುದು, ಮಾತಾಡುವುದು, ಕೇಳಿಸಿಕೊಳ್ಳುವುದು ಇಂಥ ಕೌಶಲಗಳಿಗೆ. ಆ ಪೀರಿಯಡ್ ನನ್ನ ಪಾಲಿಗೆ ಬಂತು. ರೆಡಿಮೇಡ್ ಸ್ಲೈಡ್‌ಗಳನ್ನೂ ಕೊಟ್ಟರು. ಮೊದಲ ವಾರ 'ತಂಡದಲ್ಲಿ ಕೆಲಸ ಮಾಡುವುದು'. ಸ್ಲೈಡ್ ತೋರಿಸಿದೆ, ನಾಲ್ಕು ಮಾತು ಹೇಳಿದೆ. ಮಕ್ಕಳು ಪಾಪ, ರೂಢಿಯಂತೆ ನೋಟ್‌ಬುಕ್ ತೆಗೆದು 'ತಂಡದ ಕೆಲಸದ ಐದು ಗುಣಗಳು' ಅಂತ ತಲೆಬರಹ ಹಾಕಿ, ಕೆಳಗೆ ಕೆಂಪು ಗೆರೆ ಎಳೆದು ಬರೆದುಕೊಂಡರು. ಒಬ್ಬ ಕೈ ಎತ್ತಿ ಕೇಳಿದ: 'ಮಿಸ್, ಇದು ಪರೀಕ್ಷೆಗೆ ಬರುತ್ತಾ?'

ಮಾರನೇ ದಿನ ಲ್ಯಾಬ್‌ನಲ್ಲಿ ಅದೇ ಮಕ್ಕಳನ್ನು ಆರಾರು ಜನರ ಗುಂಪು ಮಾಡಿ ಅಯಸ್ಕಾಂತದ ಪ್ರಯೋಗ ಕೊಟ್ಟೆ. ಗುಂಪಿಗೆ ಒಂದೇ ಅಯಸ್ಕಾಂತ. ಎರಡು ನಿಮಿಷದಲ್ಲಿ ಒಂದು ಗುಂಪಿನ ಇಬ್ಬರು ಹುಡುಗರು ಅದಕ್ಕೆ ಎಳೆದಾಡಿದರು. ಕಬ್ಬಿಣದ ಪುಡಿ ಎಲ್ಲಾ ನೆಲದ ಮೇಲೆ. ಪಕ್ಕದ ಗುಂಪಿನಲ್ಲಿ ಒಬ್ಬಳೇ ಹುಡುಗಿ ಪ್ರಯೋಗ ಮಾಡಿ, ಚಿತ್ರ ಬರೆದು, ಉತ್ತರವನ್ನೂ ಬರೆಯುತ್ತಿದ್ದಳು. ಉಳಿದ ಐವರು ಅವಳ ಹಿಂದೆ ನಿಂತು ಹರಟೆ. 'ನೀವೇನು ಮಾಡ್ತಾ ಇದ್ದೀರಿ?' ಅಂದರೆ, 'ಮಿಸ್, ನಾವು ಟೀಮ್' ಅಂತ ಉತ್ತರ!

ನಗು ಬಂತು, ಆಮೇಲೆ ಸಂಕಟವೂ ಆಯಿತು. ಇದನ್ನು ನಿಜವಾಗಿ ಕಲಿಸುವುದು ಹೇಗೆ? ಕ್ಲಾಸಿನಲ್ಲಿ ಮಾಡಿ ನೋಡಿದವರು ಹೇಳಿ. ದಯವಿಟ್ಟು ಸ್ಲೈಡ್ ಮಾತ್ರ ಕಳಿಸಬೇಡಿ.

ಗಣಿತದ ಮೇಷ್ಟ್ರು

ಮೇಡಂ, ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಇದು ನಮ್ಮ ಕೆಲಸವೇ ಅಲ್ಲ. ನಲವತ್ತು ನಿಮಿಷದ ಪೀರಿಯಡ್, ಅದರಲ್ಲಿ ಹಾಜರಿಗೆ ಐದು, ಹೋಮ್‌ವರ್ಕ್ ನೋಡಲು ಹತ್ತು. ಪೋರ್ಷನ್ ಮುಗಿಸುವುದೇ ಕಷ್ಟ. ನಾಲ್ಕು ಜನರ ಜೊತೆ ಹೇಗಿರಬೇಕು ಅನ್ನುವುದು ಮನೆಯಲ್ಲಿ, ಆಟದಲ್ಲಿ ಬರಬೇಕು. 'ಮೃದು ಕೌಶಲ' ಅಂತ ಯಾರೋ ಅನುವಾದ ಮಾಡಿದ್ದು ನೋಡಿದೆ. ದಿಂಬು ಹೊಲಿಯುವುದು ಕಲಿಸುತ್ತಾರೇನೋ ಅಂದುಕೊಂಡೆ.

ಕಂಪ್ಯೂಟರ್ ಲ್ಯಾಬ್

ದಿಂಬಿನ ವಿಷಯ ಚೆನ್ನಾಗಿದೆ ಸರ್. ಆದರೆ ಆ ಹೆಸರು ಹುಟ್ಟಿದ್ದು ಎಲ್ಲಿ ಗೊತ್ತಾ? ಅಮೆರಿಕದ ಸೇನೆಯಲ್ಲಿ. ಟ್ಯಾಂಕ್, ಬಂದೂಕು, ಯಂತ್ರ ಇವನ್ನು ನಡೆಸುವುದು ಒಂದು ಬಗೆ. ಯಂತ್ರದ ಜೊತೆ ಅಷ್ಟೇನೂ ಸಂಬಂಧವಿಲ್ಲದ, ಜನರ ಜೊತೆಗಿನ, ಕಾಗದದ ಮೇಲಿನ ಕೆಲಸ ಇನ್ನೊಂದು ಬಗೆ. ಈ ಎರಡನೆಯದಕ್ಕೆ ಅವರು ಇಟ್ಟ ಹೆಸರು ಅದು. ಅದರ ತರಬೇತಿ ಬಗ್ಗೆಯೇ 1972ರಲ್ಲಿ ಒಂದು ಸಮ್ಮೇಳನ ನಡೆಸಿದ್ದರು. ಅಂದರೆ ಮೃದು ಅನ್ನುವುದು ಸುಲಭ ಅಂತ ಅಲ್ಲ. ಕಬ್ಬಿಣದ್ದಲ್ಲ ಅಂತ ಅಷ್ಟೇ.

ಪೋರ್ಷನ್ ವಿಷಯ ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಇದಕ್ಕೆ ಬೇರೆ ಟೈಮ್ ಬೇಕಾಗಲೇ ಇಲ್ಲ. ನಮ್ಮಲ್ಲಿ ಕಂಪ್ಯೂಟರ್ ಕಡಿಮೆ, ಮಕ್ಕಳು ಜಾಸ್ತಿ. ಹಾಗಾಗಿ ಒಂದಕ್ಕೆ ಇಬ್ಬರನ್ನು ಕೂರಿಸುತ್ತೇನೆ. ಮೊದಲು ಗೊತ್ತಿದ್ದವನು ಕೀಬೋರ್ಡ್ ಹಿಡಿದರೆ ಮುಗಿಯಿತು, ಇನ್ನೊಬ್ಬ ಕಿಟಕಿ ನೋಡುತ್ತಾ ಕೂರುತ್ತಿದ್ದ. ಆಮೇಲೆ ಒಂದೇ ನಿಯಮ ತಂದೆ. ಒಬ್ಬ ಟೈಪ್ ಮಾಡಬೇಕು, ಇನ್ನೊಬ್ಬ ಹೇಳಬೇಕು. ಹೇಳುವವನು ಕೀಬೋರ್ಡ್ ಮುಟ್ಟುವಂತಿಲ್ಲ, ಪರದೆಗೆ ಬೆರಳೂ ತೋರಿಸುವಂತಿಲ್ಲ. ಏಳು ನಿಮಿಷಕ್ಕೆ ಅದಲು ಬದಲು. ಸಾಫ್ಟ್‌ವೇರ್ ಬರೆಯುವವರು ದುಡಿಯುವಾಗಲೂ ಹೀಗೆ ಜೋಡಿಯಾಗಿ ಕೂರುವುದುಂಟು.

ಮೊದಲ ದಿನ ಬರೀ ಕಿರುಚಾಟ. 'ಅಲ್ಲಿ ಅಲ್ಲ ಕಣೋ, ಅದು, ಅಯ್ಯೋ ಅದು, ಅದರ ಪಕ್ಕದ್ದು!' ಟೈಪ್ ಮಾಡುವವನಿಗೆ ಏನೂ ಗೊತ್ತಾಗದು. ಹೇಳುವವನಿಗೆ ಕೈ ಕಟ್ಟಿಹಾಕಿದ ಹಾಗೆ. ಮೂರನೇ ವಾರದ ಹೊತ್ತಿಗೆ ಅದೇ ಹುಡುಗ ಹೇಳುತ್ತಿದ್ದ: 'ಮೂರನೇ ಸಾಲಿನ ಕೊನೆಗೆ ಹೋಗು. ಅಲ್ಲಿ ಆವರಣ ಮುಚ್ಚಿಲ್ಲ, ನೋಡು.' ನಾನು ಸಂವಹನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೆರಳು ತೋರಿಸಬಾರದು ಅಂದಿದ್ದಷ್ಟೇ.

ಎಂಟನೇ ಕ್ಲಾಸ್ ವಿಜ್ಞಾನ

ಸರ್, ಇದು ತುಂಬಾ ಇಷ್ಟವಾಯಿತು. ಆದರೆ ಇಬ್ಬರಿಗೆ ಸರಿ, ಆರು ಜನಕ್ಕೆ? ಅಷ್ಟು ಅಯಸ್ಕಾಂತ ನನ್ನ ಹತ್ತಿರ ಇಲ್ಲ.

ಸೀಮೆಸುಣ್ಣ

ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಆದರೂ ಇಂಥ ಮಾತು ಕಂಡರೆ ಸುಮ್ಮನಿರಲು ಆಗುವುದಿಲ್ಲ.

ಮೊದಲನೆಯದಾಗಿ, ಆ ಹುಡುಗಿಯ ಹಿಂದೆ ನಿಂತ ಐವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆಯೇ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. 1913ರಲ್ಲಿ ಅದನ್ನು ಪ್ರಕಟಿಸಿದ. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬನೇ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಸಲ ಜಗ್ಗದೆ ಹೋಗುವುದೂ ಒಂದು ಕಾರಣ. ಆದರೆ 1979ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗ ಇನ್ನೊಂದು ಕಾರಣ ಸಿಕ್ಕಿತು. ತನ್ನ ಪಾಲು ಎಷ್ಟು ಅಂತ ಬೇರೆಯಾಗಿ ಗೊತ್ತಾಗದ ಕಡೆ ಮನುಷ್ಯ ಕೈ ಸಡಿಲ ಬಿಡುತ್ತಾನೆ. ದೊಡ್ಡವರೇ ಹೀಗೆ. ಎಂಟನೇ ಕ್ಲಾಸಿನವರು ಯಾವ ಲೆಕ್ಕ?

ಅಂದಮೇಲೆ ಗುಂಪನ್ನು ಚಿಕ್ಕದು ಮಾಡಬೇಕು. ಅದಾಗದಿದ್ದರೆ ಪ್ರತಿಯೊಬ್ಬನ ಪಾಲೂ ಕಣ್ಣಿಗೆ ಕಾಣುವಂತೆ ಮಾಡಬೇಕು. 'ಜಿಗ್‌ಸಾ' ವಿಧಾನ ಅಂತ ಒಂದಿದೆ, ಕೇಳಿದ್ದೀರಾ? ಎಲಿಯಟ್ ಅರಾನ್‌ಸನ್ ಅನ್ನುವ ಮನೋವಿಜ್ಞಾನಿ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಶುರುಮಾಡಿದ್ದು. ಅಲ್ಲಿ ಆಗಷ್ಟೇ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಒಂದೇ ಕ್ಲಾಸಿನಲ್ಲಿ ಕೂರಿಸಿದ್ದರು. ದಿನಾ ಹೊಡೆದಾಟ. ಅರಾನ್‌ಸನ್ ಕ್ಲಾಸಿಗೆ ಹೋಗಿ ಕೂತು ನೋಡಿದರು. ಟೀಚರ್ ಪ್ರಶ್ನೆ ಕೇಳುತ್ತಾರೆ, ಐದಾರು ಕೈ ಮೇಲೇಳುತ್ತವೆ, ಒಬ್ಬನಿಗೆ ಅವಕಾಶ, ಉಳಿದವರಿಗೆ ಹೊಟ್ಟೆಉರಿ. ಪಾಠದ ರೀತಿಯೇ ಮಕ್ಕಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿತ್ತು. ಅವರು 'ಪ್ರೀತಿಯಿಂದಿರಿ' ಅಂತ ಭಾಷಣ ಮಾಡಲಿಲ್ಲ. ಪಾಠವನ್ನೇ ತುಂಡು ಮಾಡಿ ಹಂಚಿದರು.

ಮಾಡುವುದು ಹೀಗೆ. ಪಾಠವನ್ನು ಆರು ಭಾಗ ಮಾಡಿ. ಗುಂಪಿನ ಆರು ಮಕ್ಕಳಿಗೆ ಒಂದೊಂದು ಭಾಗ. ಒಂದೇ ಭಾಗ ಸಿಕ್ಕವರೆಲ್ಲಾ ಮೊದಲು ಒಂದು ಕಡೆ ಸೇರಿ ಅದನ್ನು ಓದಿ, ಚರ್ಚಿಸಿ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್ ಬಂದು ಉಳಿದ ಐವರಿಗೆ ಕಲಿಸಬೇಕು. ಕೊನೆಗೆ ಎಲ್ಲರಿಗೂ ಎಲ್ಲಾ ಭಾಗದ ಮೇಲೂ ಪ್ರಶ್ನೆ. ಈಗ ಪಕ್ಕದವನ ಮಾತು ಕೇಳದೆ ಬೇರೆ ದಾರಿಯೇ ಇಲ್ಲ.

ಗಣಿತದ ಮೇಷ್ಟ್ರು

ಪಕ್ಕದವನೇ ದಡ್ಡನಾದರೆ?

ಸೀಮೆಸುಣ್ಣ

ಅದಕ್ಕೇ ಮಧ್ಯದ ಸಭೆ ಮೇಷ್ಟ್ರೇ. ಒಂದೇ ಭಾಗ ಸಿಕ್ಕ ಐದಾರು ಮಕ್ಕಳು ಕೂಡಿ ಕಲಿಯುತ್ತಾರಲ್ಲ, ಕಷ್ಟಪಡುವ ಮಗುವಿಗೆ ಅಲ್ಲಿ ಆಸರೆ ಸಿಗುತ್ತದೆ. ಮತ್ತೆ 'ದಡ್ಡ' ಅನ್ನುವ ಪದ ನಾವಿಬ್ಬರೂ ಬಿಡೋಣ, ಆಗಬಹುದಾ?

ಗಣಿತದ ಮೇಷ್ಟ್ರು

ಆಗಲಿ ಸರ್. ಬಾಯಿ ತಪ್ಪಿ ಬಂತು.

ಕೊನೇ ಬೆಂಚು

ನಾನು ಟೀಚರ್ ಅಲ್ಲ. ಇಂಥ ಕ್ಲಾಸುಗಳಲ್ಲಿ ಕೂತು ಬೆವರಿದವನು.

ನಮಗೊಬ್ಬರು ಟೀಚರ್ ಇದ್ದರು. ಒಳ್ಳೆಯವರೇ. ಮಾತುಗಾರಿಕೆ ಕಲಿಯಲಿ ಅಂತ ಎಲ್ಲರನ್ನೂ ಸರದಿ ಪ್ರಕಾರ ಮುಂದೆ ನಿಲ್ಲಿಸಿ ಎರಡು ನಿಮಿಷ ಮಾತಾಡಿಸುತ್ತಿದ್ದರು. ನನ್ನ ಸರದಿ ಬರುವ ಹಿಂದಿನ ರಾತ್ರಿ ನಿದ್ದೆ ಇಲ್ಲ. ಮುಂದೆ ಹೋಗಿ ನಿಂತೆ. ಮೊದಲ ವಾಕ್ಯ ಬಂತು, ಎರಡನೆಯದು ಬರಲಿಲ್ಲ. ಕೈಯಲ್ಲಿದ್ದ ಚೀಟಿ ನಡುಗುವ ಸದ್ದು ನನಗೇ ಕೇಳುತ್ತಿತ್ತು. ಯಾರೋ ಕಿಸಕ್ ಅಂದರು. 'ಧೈರ್ಯ ಬೇಕಪ್ಪಾ ಧೈರ್ಯ' ಅಂತ ಟೀಚರ್ ಬೆನ್ನು ತಟ್ಟಿ ಕಳಿಸಿದರು. ಆಮೇಲಿನ ಮೂರು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಇವತ್ತು ನನ್ನ ಕೆಲಸವೇ ಜನರ ತಕರಾರು ಕೇಳಿ ಬಗೆಹರಿಸುವುದು. ಚೆನ್ನಾಗಿಯೇ ಮಾಡುತ್ತೇನೆ. ಯಾಕೆಂದರೆ ನನಗೆ ಕೇಳಿಸಿಕೊಳ್ಳಲು ಬರುತ್ತದೆ. ಅದನ್ನು ಯಾರೂ ಕೌಶಲ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದಯವಿಟ್ಟು ಸಾಫ್ಟ್ ಸ್ಕಿಲ್ಸ್ ಅಂದರೆ ವೇದಿಕೆ ಮೇಲೆ ಜೋರಾಗಿ ಮಾತಾಡುವುದು ಅಂತ ಮಾಡಬೇಡಿ. ಜೋರು ಮಕ್ಕಳು ಇನ್ನೂ ಜೋರಾಗುತ್ತಾರೆ, ಅಷ್ಟೇ.

ಚಿಕ್ಕ ಮಕ್ಕಳ ಟೀಚರ್

ಓದಿ ಸಂಕಟವಾಯಿತು. ನಾನೂ ಹಾಗೆ ಬೆನ್ನು ತಟ್ಟಿ ಕಳಿಸಿದ್ದೇನೆ, ಸುಳ್ಳು ಹೇಳಲ್ಲ.

ಈಗ ಮೆಟ್ಟಿಲು ಮಾಡಿಕೊಂಡಿದ್ದೇನೆ. ಮೊದಲು ಒಬ್ಬರೇ ಯೋಚಿಸಿ ಒಂದು ಸಾಲು ಬರೆಯುವುದು. ಆಮೇಲೆ ಪಕ್ಕದವರಿಗೆ ಮಾತ್ರ ಹೇಳುವುದು. ಕೊನೆಗೆ ಇಡೀ ಕ್ಲಾಸಿಗೆ, ಅದೂ ಇಷ್ಟವಿದ್ದರೆ. ಇದರಲ್ಲಿ ಒಂದು ಸಣ್ಣ ತಿರುವು ಇದೆ: ಕ್ಲಾಸಿಗೆ ಹೇಳುವಾಗ ನಿನ್ನದಲ್ಲ, ನಿನ್ನ ಜೊತೆಗಾರ ಹೇಳಿದ್ದನ್ನು ಹೇಳು ಅನ್ನುತ್ತೇನೆ. ನಾಚಿಕೆ ಮಕ್ಕಳಿಗೆ ಇದು ಸುಲಭ. ತಪ್ಪಾದರೂ ತನ್ನದಲ್ಲವಲ್ಲ! ಜೋರು ಮಕ್ಕಳಿಗೆ ಇದು ಕಷ್ಟ, ಯಾಕೆಂದರೆ ಅವರು ಕೇಳಿಸಿಕೊಂಡೇ ಇರುವುದಿಲ್ಲ.

ಸೀಮೆಸುಣ್ಣ

ಟೀಚರ್ ಹೇಳಿದ ಈ ಮೂರು ಮೆಟ್ಟಿಲಿಗೆ 'ಥಿಂಕ್ ಪೇರ್ ಶೇರ್' ಅಂತ ಹೆಸರು. 1981ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಲೈಮನ್ ಇದನ್ನು ಮುಂದಿಟ್ಟರು. ಜೊತೆಗಾರನ ಮಾತು ಹೇಳಿಸುವುದು ಒಳ್ಳೆಯ ಉಪಾಯ, ನಾನು ಮಾಡಿರಲಿಲ್ಲ.

ಕೊನೇ ಬೆಂಚಿನವರ ಮಾತಿಗೆ ಒಂದು ಸೇರಿಸುತ್ತೇನೆ. ಮಕ್ಕಳು ಮಾತಾಡದಿರಲು ದೊಡ್ಡ ಕಾರಣ ನಾವೇ. ಮೇರಿ ಬಡ್ ರೋ ಅನ್ನುವ ವಿಜ್ಞಾನ ಶಿಕ್ಷಣ ತಜ್ಞೆ ಎಷ್ಟೋ ಕ್ಲಾಸುಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯುತ್ತಾರೆ? ಸಾಮಾನ್ಯವಾಗಿ ಒಂದು ಸೆಕೆಂಡ್, ಕೆಲವೊಮ್ಮೆ ಅದೂ ಇಲ್ಲ. ಇದನ್ನು ಮೂರು ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು. 'ಗೊತ್ತಿಲ್ಲ' ಅನ್ನುವುದು, ಸುಮ್ಮನೆ ನಿಲ್ಲುವುದು ಕಡಿಮೆಯಾಯಿತು. ಮಕ್ಕಳು ತಾವಾಗಿಯೇ ಮಾತು ಸೇರಿಸತೊಡಗಿದರು. ಮೇಷ್ಟ್ರು ಕೈಬಿಟ್ಟಿದ್ದ ಮಕ್ಕಳೂ ಬಾಯಿ ತೆರೆದರು. ಇದು 1970ರ ದಶಕದ ಮಾತು.

ಇನ್ನೊಂದು ಕಾಯುವಿಕೆಯೂ ಇದೆ, ಅದನ್ನು ನಾವು ಮರೆಯುತ್ತೇವೆ. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ ಮತ್ತೆ ಮೂರು ಸೆಕೆಂಡ್. ತಕ್ಷಣ 'ವೆರಿ ಗುಡ್' ಅನ್ನದೆ ಸುಮ್ಮನಿರುವುದು. ಆಗ ಮಗು 'ಯಾಕಂದ್ರೆ...' ಅಂತ ಮುಂದುವರಿಸುತ್ತದೆ. ಇಲ್ಲದಿದ್ದರೆ ಪಕ್ಕದ ಮಗು 'ಆದ್ರೆ ಮಿಸ್...' ಅನ್ನುತ್ತದೆ.

ಗಣಿತದ ಮೇಷ್ಟ್ರು

ಮೂರು ಸೆಕೆಂಡ್ ಏನು ಮಹಾ? ನಾನು ಕಾಯುತ್ತೇನೆ ಅಂತಲೇ ಅಂದುಕೊಂಡಿದ್ದೇನೆ.

ಸೀಮೆಸುಣ್ಣ

ಫೋನನ್ನು ಮೇಜಿನ ಮೇಲಿಟ್ಟು ನಿಮ್ಮದೇ ಒಂದು ಪಾಠ ರೆಕಾರ್ಡ್ ಮಾಡಿ ಕೇಳಿ ಮೇಷ್ಟ್ರೇ. ಬೇರೆ ಯಾರಿಗೂ ಕೇಳಿಸಬೇಡಿ. ನೀವು ಕೇಳಿ ಅಳಿಸಿಬಿಡಿ.

ಇಬ್ಬರು ಮಕ್ಕಳ ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳ ರಿಪೋರ್ಟ್ ಕಾರ್ಡ್‌ನಲ್ಲಿ ಈ ಸಲ 'ನಾಯಕತ್ವ: ಬಿ', 'ಸಹಾನುಭೂತಿ: ಎ' ಅಂತ ಬಂದಿದೆ. ಅವಳು ಕೇಳಿದಳು: 'ಅಮ್ಮಾ, ಬಿ ಯಾಕೆ? ನಾನೇನು ಮಾಡಿದ್ರೆ ಎ ಬರ್ತಿತ್ತು?' ನನಗೆ ಗೊತ್ತಾಗಲಿಲ್ಲ. ಟೀಚರ್‌ರನ್ನು ಕೇಳಿದೆ. ಅವರಿಗೂ ಹೇಳಲು ಆಗಲಿಲ್ಲ, ಪಾಪ. ಅಷ್ಟೂ ಮಕ್ಕಳ ಕಾಲಂ ಒಂದೇ ಸಂಜೆ ತುಂಬಿಸಬೇಕಿತ್ತಂತೆ. ಇದಕ್ಕೆ ಗ್ರೇಡ್ ಯಾಕೆ ಬೇಕು? ಸಹಾನುಭೂತಿಗೆ ಎ ಬಂದ ಖುಷಿಯಲ್ಲಿ ಅವಳು ತಮ್ಮನನ್ನು 'ನಿನಗೆ ಸಿ ಬರುತ್ತೆ ನೋಡ್ತಿರು' ಅಂತ ಅಳಿಸಿದಳು.

ಕಂಪ್ಯೂಟರ್ ಲ್ಯಾಬ್

ಸಹಾನುಭೂತಿಗೆ ಎ ಬಂದವಳು ತಮ್ಮನನ್ನು ಅಳಿಸಿದ್ದು! ಇದಕ್ಕಿಂತ ಚೆನ್ನಾಗಿ ಹೇಳಲು ಯಾರಿಂದಲೂ ಆಗಲ್ಲ.

ಅಳೆಯುವುದೇ ಕಷ್ಟ ಮೇಡಂ. 2015ರ ಪೀಸಾ ಪರೀಕ್ಷೆಯಲ್ಲಿ, ಅಂದರೆ ಹದಿನೈದು ವರ್ಷದ ಮಕ್ಕಳಿಗೆ ಎಷ್ಟೋ ದೇಶಗಳಲ್ಲಿ ನಡೆಸುತ್ತಾರಲ್ಲ ಅದರಲ್ಲಿ, ಕೂಡಿ ಸಮಸ್ಯೆ ಬಿಡಿಸುವ ಶಕ್ತಿಯನ್ನು ಅಳೆದರು. ಹೇಗೆ ಅಂತೀರಿ? ಜೊತೆಗಾರರು ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಂಗಳು. ಅವುಗಳ ಜೊತೆ ಚಾಟ್ ಮಾಡುತ್ತಾ ಬಿಡಿಸಬೇಕು. ಎಲ್ಲರಿಗೂ ಒಂದೇ ತರದ ಜೊತೆಗಾರ ಸಿಗಲಿ ಅಂತ ಹಾಗೆ ಮಾಡಿದ್ದು. ಭಾಗವಹಿಸಿದ ಎಲ್ಲಾ ಕಡೆಯೂ ಹುಡುಗಿಯರೇ ಮುಂದಿದ್ದರು. ದೇಶದ ಮಟ್ಟದಲ್ಲಿ ಅದು ಸರಿ. ಒಂದು ಮಗುವಿನ ಕಾರ್ಡ್‌ನಲ್ಲಿ ಒಂದಕ್ಷರ ಬರೆದು ಏನು ಹೇಳಿದಂತಾಯಿತು?

ಸೀಮೆಸುಣ್ಣ

ನಾನು ಗ್ರೇಡ್ ಬದಲು ಒಂದು ಪುಸ್ತಕ ಇಟ್ಟಿದ್ದೆ. ದಿನಕ್ಕೆ ಇಬ್ಬರು ಮಕ್ಕಳು. ಒಬ್ಬೊಬ್ಬರ ಬಗ್ಗೆ ಒಂದೇ ಸಾಲು. ಗುಣವಾಚಕ ಬರೆಯಬಾರದು, ಕಂಡದ್ದನ್ನು ಬರೆಯಬೇಕು. 'ಒಳ್ಳೆಯ ಹುಡುಗಿ, ಸಹಾಯ ಮಾಡುತ್ತಾಳೆ' ಅಂತ ಅಲ್ಲ. 'ಪಕ್ಕದವನಿಗೆ ಉತ್ತರ ಹೇಳಿಬಿಡಲಿಲ್ಲ, ಯಾವ ಹೆಜ್ಜೆಯಲ್ಲಿ ತಪ್ಪಿದೆ ಅಂತ ತೋರಿಸಿದಳು' ಅಂತ. ತಿಂಗಳಿಗೆ ಒಂದು ಮಗುವಿಗೆ ಒಂದೋ ಎರಡೋ ಸಾಲು ಆಗುತ್ತಿತ್ತು. ತಂದೆ ತಾಯಿ ಬಂದಾಗ ಅದನ್ನೇ ಓದಿ ಹೇಳುತ್ತಿದ್ದೆ. ಮಗುವೂ ಪಕ್ಕದಲ್ಲೇ ನಿಂತಿರುತ್ತಿತ್ತು. ಕಿವಿ ಕೆಂಪಾಗುತ್ತಿತ್ತು.

ಈ ಪುಸ್ತಕದಿಂದ ನನಗೇ ಒಂದು ಏಟು ಬಿತ್ತು ಅನ್ನಿ. ಒಂದು ತಿಂಗಳು ತಿರುಗಿಸಿ ನೋಡಿದರೆ, ಕ್ಲಾಸಿನ ಏಳೆಂಟು ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ಅವರೇನೂ ಮಾಡಿರಲಿಲ್ಲ ಅಂತಲ್ಲ. ನಾನು ನೋಡಿಯೇ ಇರಲಿಲ್ಲ.

ಚಿಕ್ಕ ಮಕ್ಕಳ ಟೀಚರ್

ಜಗಳದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ದಿನದ ಅರ್ಧ ಅದರಲ್ಲೇ ಹೋಗುತ್ತದೆ, ಹಾಗಾಗಿ ನಾನೇ ಹೇಳುತ್ತೇನೆ.

ನಾವು ಮಾಡುವುದು ಏನು? 'ಸಾರಿ ಹೇಳು' ಅನ್ನುತ್ತೇವೆ. ಸಾರಿ ಬರುತ್ತದೆ, ಗಂಟಲಿನಿಂದ. ಮುಖ ಆ ಕಡೆ, ಕೈ ಈ ಕಡೆ. ಎರಡು ನಿಮಿಷದಲ್ಲಿ ಮತ್ತೆ ಅದೇ. ಹೋದ ವರ್ಷ ಒಬ್ಬ ಹುಡುಗ ಇನ್ನೊಬ್ಬಳ ಚಿತ್ರ ಹರಿದುಹಾಕಿದ. ನಾನು ಸಾರಿ ಕೇಳಿಸಲಿಲ್ಲ. ಇಬ್ಬರನ್ನೂ ಕೂರಿಸಿ ಮೊದಲು ಅವಳಿಗೆ ಏನಾಯಿತು ಅಂತ ಹೇಳಲು ಬಿಟ್ಟೆ. ಆಮೇಲೆ ಅವನಿಗೆ, 'ಅವಳು ಏನು ಹೇಳಿದಳು, ನೀನು ಹೇಳು' ಅಂದೆ. ಅವನು, 'ನಾನು ಬೇಕಂತ ಮಾಡಿಲ್ಲ' ಅಂದ. 'ಅದು ನಿನ್ನ ಮಾತು. ನಿನ್ನ ಸರದಿ ಬರುತ್ತೆ. ಈಗ ಅವಳ ಮಾತು ಹೇಳು.' ಮೂರನೇ ಸಲಕ್ಕೆ ಬಂತು: 'ಅವಳ ಅಜ್ಜಿಗೆ ಕೊಡೋಕೆ ಬರೆದಿದ್ದಳಂತೆ.' ಅವಳು ಹೌದು ಅಂತ ತಲೆ ಆಡಿಸಿದಳು. ಆಮೇಲೆ ಅವನ ಸರದಿ, ಅದೇ ನಿಯಮ. ಕೊನೆಗೆ, 'ಈಗ ಏನು ಮಾಡಿದ್ರೆ ಸರಿಹೋಗುತ್ತೆ?' ಅಂತ ಇಬ್ಬರನ್ನೂ ಕೇಳಿದೆ. ಅವನೇ ಹೋಗಿ ಅಂಟುಪಟ್ಟಿ ತಂದ. ಹಿಂದಿನಿಂದ ಅಂಟಿಸಬೇಕು, ಮುಂದಿನಿಂದ ಅಂಟಿಸಿದರೆ ಹೊಳೆಯುತ್ತೆ ಅಂತ ಅವಳು ಹೇಳಿಕೊಟ್ಟಳು. ಒಟ್ಟು ಹನ್ನೊಂದು ನಿಮಿಷ ಹೋಯಿತು. ಪಾಠ ಅರ್ಧಕ್ಕೆ ನಿಂತಿತು. ಪ್ರತಿ ಜಗಳಕ್ಕೂ ಇಷ್ಟು ಹೊತ್ತು ಕೊಡಲು ಆಗುವುದಿಲ್ಲ, ಅದೂ ನಿಜ. ವಾರಕ್ಕೊಂದು ಜಗಳಕ್ಕೆ ಕೊಡುತ್ತೇನೆ.

ಗಣಿತದ ಮೇಷ್ಟ್ರು

ರೆಕಾರ್ಡ್ ಮಾಡಿ ಕೇಳಿದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು.

ಕಾಯುವುದು ಹಾಗಿರಲಿ, ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳುತ್ತಿದ್ದೇನೆ. 'ಇದರ ಎರಡೂ ಕಡೆ ಏನು ಮಾಡಬೇಕು? ಮೂರರಿಂದ ಭಾಗಿಸಬೇಕು. ಯಾಕೆ? ಎಕ್ಸ್ ಒಂದೇ ಉಳಿಯಲಿ ಅಂತ.' ಉಸಿರು ಕೂಡ ಬಿಟ್ಟಿಲ್ಲ. ಒಂದು ಕಡೆ ಹುಡುಗಿಯೊಬ್ಬಳು 'ಸರ್, ಬೇರೆ ತರ...' ಅಂತ ಶುರುಮಾಡಿದ್ದಾಳೆ. ನಾನು ಅದರ ಮೇಲೇ ಮಾತಾಡಿದ್ದೇನೆ. ಅವಳು ನಿಲ್ಲಿಸಿದ್ದಾಳೆ. ಕ್ಲಾಸಿನಲ್ಲಿ ನನಗೆ ಅದು ಕೇಳಿಸಿಯೇ ಇರಲಿಲ್ಲ.

ಮಾರನೇ ದಿನ ಅವಳನ್ನು ಕರೆದು, 'ನಿನ್ನೆ ಏನೋ ಹೇಳ್ತಿದ್ದೆಯಲ್ಲ?' ಅಂದೆ. 'ಮರೆತೋಯ್ತು ಸರ್' ಅಂದಳು.

ಇದು ನಮ್ಮ ಕೆಲಸವಲ್ಲ ಅಂದಿದ್ದೆನಲ್ಲ, ಅದನ್ನು ಸದ್ಯಕ್ಕೆ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಆ ವಾರಕ್ಕೊಂದು ಪೀರಿಯಡ್ ಮಾತ್ರ ದಂಡ. ಅದನ್ನು ಕಿತ್ತುಹಾಕಿ ಗಣಿತಕ್ಕೆ ಕೊಡಲಿ.

ಸೀಮೆಸುಣ್ಣ

ಮೇಷ್ಟ್ರೇ, ಬಾಗಿಲು ಹಾಕಿಕೊಂಡಾದರೂ ಕೇಳಿದಿರಲ್ಲ, ಅದು ದೊಡ್ಡದು. ನಾನು ಕೇಳಿದ ದಿನ ಊಟ ಸೇರಿರಲಿಲ್ಲ.

ಪೀರಿಯಡ್ ಕಿತ್ತುಹಾಕುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. 2011ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಮಕ್ಕಳಿಗೆ ಭಾವನೆ, ಸಂಬಂಧ, ನಡವಳಿಕೆ ಕಲಿಸುವ 213 ಶಾಲಾ ಕಾರ್ಯಕ್ರಮಗಳು, ಸುಮಾರು ಎರಡು ಲಕ್ಷ ಎಪ್ಪತ್ತು ಸಾವಿರ ಮಕ್ಕಳು. ನಡವಳಿಕೆ ಸುಧಾರಿಸಿದ್ದಷ್ಟೇ ಅಲ್ಲ, ಓದಿನಲ್ಲೂ ಆ ಮಕ್ಕಳು ಮುಂದಿದ್ದರು. ಹೊರಗಿನಿಂದ ತಜ್ಞರು ಬರಬೇಕಾಗಿರಲಿಲ್ಲ, ಕ್ಲಾಸ್ ಟೀಚರ್‌ಗಳೇ ಚೆನ್ನಾಗಿ ಮಾಡಿದ್ದರು. ಯಾವುದು ಫಲ ಕೊಟ್ಟಿತು ಅಂತ ನೋಡಿದಾಗ ನಾಲ್ಕು ಅಂಶ ಕಂಡವು. ಹಂತ ಹಂತವಾಗಿ ಕಲಿಸಿದ್ದು, ಮಾಡಿಸಿ ಕಲಿಸಿದ್ದು, ಅದಕ್ಕೇ ಅಂತ ಸಮಯ ಇಟ್ಟಿದ್ದು, ಯಾವ ಕೌಶಲ ಅಂತ ಹೆಸರಿಟ್ಟು ಹೇಳಿದ್ದು.

ಅಂದರೆ ಸಮಯವೂ ಬೇಕು, ಹೆಸರೂ ಬೇಕು. ನಮ್ಮ ಕಂಪ್ಯೂಟರ್ ಸರ್ ಹೆಸರು ಹೇಳದೆ ಕಲಿಸಿದರು, ಬಹಳ ಚೆನ್ನಾಗಿದೆ. ಆದರೆ ಆ ಹುಡುಗನಿಗೆ ತಾನು ಏನು ಕಲಿತೆ ಅಂತ ಗೊತ್ತಾಗದಿದ್ದರೆ ಅವನು ಅದನ್ನು ಲ್ಯಾಬ್‌ನಲ್ಲೇ ಬಿಟ್ಟು ಹೋಗುತ್ತಾನೆ. ಕೊನೆಯ ಎರಡು ನಿಮಿಷ, 'ಇವತ್ತು ಬೆರಳು ತೋರಿಸದೆ ಹೇಗೆ ಹೇಳಿದೆ? ಇದು ಇನ್ನೆಲ್ಲಿ ಬೇಕಾಗುತ್ತೆ?' ಅಂತ ಕೇಳಬೇಕು.

ಕಂಪ್ಯೂಟರ್ ಲ್ಯಾಬ್

ಒಪ್ಪಿದೆ ಸರ್. ಬೆಲ್ ಆದ ತಕ್ಷಣ ಓಡಿಸಿಬಿಡುತ್ತಿದ್ದೆ.

ಎಂಟನೇ ಕ್ಲಾಸ್ ವಿಜ್ಞಾನ

ಎರಡು ವಾರ ಮಾಯವಾಗಿದ್ದಕ್ಕೆ ಕ್ಷಮಿಸಿ. ನೀವು ಹೇಳಿದ್ದನ್ನೇ ಮಾಡಿ ನೋಡುತ್ತಿದ್ದೆ. ಈಗ ವರದಿ.

'ಶಬ್ದ' ಪಾಠಕ್ಕೆ ಜಿಗ್‌ಸಾ ಹಾಕಿದೆ. ಏಳು ಗುಂಪು, ಆರು ಭಾಗ. ಮೊದಲ ದಿನ ಗೊಂದಲವೋ ಗೊಂದಲ. ಮೇಜು ಎಳೆಯುವ ಸದ್ದಿಗೆ ಪಕ್ಕದ ಕ್ಲಾಸಿನವರು ಬಂದು ಬಾಗಿಲಲ್ಲಿ ನಿಂತರು. ಮಧ್ಯದ ಸಭೆಯಿಂದ ತಮ್ಮ ಗುಂಪು ಯಾವುದು ಅಂತ ಮರೆತ ಮಕ್ಕಳೇ ಆರು ಜನ. ಎರಡನೇ ದಿನ ಒಂದು ಗುಂಪಿನಲ್ಲಿ 'ಪ್ರತಿಧ್ವನಿ' ಭಾಗದವನು ಬರಲೇ ಇಲ್ಲ, ಜ್ವರವಂತೆ. ಆ ಗುಂಪಿಗೆ ಪ್ರತಿಧ್ವನಿಯೇ ಇಲ್ಲ! ಪಕ್ಕದ ಗುಂಪಿನಿಂದ ಒಬ್ಬಳನ್ನು ಎರವಲು ತಂದರು. ಅದು ನನ್ನ ಉಪಾಯವಲ್ಲ, ಅವರೇ ಕೇಳಿಕೊಂಡು ಹೋಗಿ ಕರೆತಂದದ್ದು.

ಅಯಸ್ಕಾಂತ ಎಳೆದಾಡಿದ ಆ ಇಬ್ಬರ ಪೈಕಿ ಒಬ್ಬನಿಗೆ 'ಶಬ್ದದ ವೇಗ' ಭಾಗ ಸಿಕ್ಕಿತ್ತು. ಅವನು ಗುಂಪಿಗೆ ತಪ್ಪು ಹೇಳಿದ. ಶಬ್ದ ಗಾಳಿಯಲ್ಲೇ ಜಾಸ್ತಿ ವೇಗವಾಗಿ ಹೋಗುತ್ತೆ, ಗಾಳಿಯಲ್ಲಿ ಅಡ್ಡ ಏನೂ ಇಲ್ಲವಲ್ಲ ಅಂತ. ಎಲ್ಲರೂ ಬರೆದುಕೊಳ್ಳಲು ಶುರು. ನನಗೆ ನಾಲಿಗೆ ತುದಿಗೆ ಬಂದಿತ್ತು, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ 1500 ಹತ್ತಿರ, ಉಕ್ಕಿನಲ್ಲಿ 5000ಕ್ಕೂ ಜಾಸ್ತಿ ಅಂತ. ಮೂರು ಸೆಕೆಂಡ್ ನೆನಪಾಯಿತು. ಸುಮ್ಮನೆ ನಿಂತೆ. ಮೂರಲ್ಲ, ಹತ್ತು ಸೆಕೆಂಡ್ ಆಗಿರಬೇಕು, ನನಗಂತೂ ಒಂದು ಗಂಟೆ ಅನ್ನಿಸಿತು.

ಆಗ ಅದೇ ಹುಡುಗಿ, ಅವತ್ತು ಒಬ್ಬಳೇ ಎಲ್ಲಾ ಬರೆಯುತ್ತಿದ್ದವಳು, ಪೆನ್ನು ಕೆಳಗಿಟ್ಟಳು. 'ನೀನು ಹೇಳಿದ್ದು, ಗಾಳಿಯಲ್ಲಿ ಅಡ್ಡ ಇಲ್ಲ ಅದಕ್ಕೆ ಬೇಗ ಹೋಗುತ್ತೆ ಅಂತ, ಅಲ್ವಾ?' ಅಂದಳು. (ಚಿಕ್ಕ ಮಕ್ಕಳ ಟೀಚರ್, ನಿಮ್ಮ ನಿಯಮ. ಸಾಫ್ಟ್ ಸ್ಕಿಲ್ಸ್ ಪೀರಿಯಡ್‌ನಲ್ಲಿ ಸ್ಲೈಡ್ ಬಿಟ್ಟು ಅದನ್ನೇ ಆಡಿಸಿದ್ದೆ.) ಅವನು ಹೂಂ ಅಂದ. 'ನನಗೆ ಅದು ಡೌಟು. ಮೇಜಿಗೆ ಕಿವಿ ಇಟ್ಟು ನೋಡೋಣ್ವಾ?' ಅಂದಳು. ಆರು ಜನವೂ ಮೇಜಿಗೆ ಕಿವಿ ಇಟ್ಟರು. ಅವನೇ ಆ ತುದಿಯಲ್ಲಿ ಉಗುರಿನಿಂದ ಕೆರೆದ. ಮುಖಗಳು ನೋಡುವ ಹಾಗಿದ್ದವು. ಅವನು ಎದ್ದು ಮಧ್ಯದ ಸಭೆಯ ಹಾಳೆ ತಿರುಗಿಸಿ ಓದಿ, 'ನಾನು ಉಲ್ಟಾ ಹೇಳಿಬಿಟ್ಟೆ. ಬರೆದದ್ದು ಹೊಡೆದುಹಾಕಿ' ಅಂದ. ಯಾರೂ ನಗಲಿಲ್ಲ.

ಎಲ್ಲಾ ಸರಿಹೋಯಿತು ಅಂತ ತಿಳಿಯಬೇಡಿ. ಎರಡು ಗುಂಪು ಇನ್ನೂ ಹಾಗೇ ಇವೆ. ಒಬ್ಬಳು ಹುಡುಗಿ ತನ್ನ ಭಾಗವನ್ನು ಓದಿ ಒಪ್ಪಿಸಿ ಕೂರುತ್ತಾಳೆ, ಯಾರು ಕೇಳಿದರೂ ಉತ್ತರ ಕೊಡುವುದಿಲ್ಲ. ಅವಳಿಗೆ ಏನು ಮಾಡಬೇಕೋ ತಿಳಿದಿಲ್ಲ. ಪಾಠಕ್ಕೆ ಎರಡು ಪೀರಿಯಡ್ ಜಾಸ್ತಿಯೂ ಹಿಡಿಯಿತು.

ಕೊನೇ ಬೆಂಚು

ಆ ಹುಡುಗಿಗೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಲು ಹೇಳಿ ನೋಡಿ ಮೇಡಂ. ಉತ್ತರವೂ ಚೀಟಿಯಲ್ಲೇ. ನನಗೆ ಹಾಗೆ ಯಾರಾದರೂ ಕೊಟ್ಟಿದ್ದರೆ ಬರೆಯುತ್ತಿದ್ದೆ.

ಎಂಟನೇ ಕ್ಲಾಸ್ ವಿಜ್ಞಾನ

ಇದು ಹೊಳೆದೇ ಇರಲಿಲ್ಲ. ಸೋಮವಾರವೇ ಮಾಡುತ್ತೇನೆ.

ಗಣಿತದ ಮೇಷ್ಟ್ರು

ಓದಿ ಖುಷಿಯಾಯಿತು ಮೇಡಂ. ಆದರೆ ಒಂದು ತಕರಾರು. ಮೇಜಿಗೆ ಕಿವಿ ಇಟ್ಟರೆ ಸದ್ದು ಜೋರಾಗಿ ಕೇಳುತ್ತದೆ. ಬೇಗ ಬಂತು ಅಂತ ಅದರಿಂದ ಗೊತ್ತಾಗುವುದು ಹೇಗೆ? ಒಂದು ಮೇಜಿನ ಉದ್ದಕ್ಕೆ ಸಮಯದ ವ್ಯತ್ಯಾಸ ಯಾವ ಕಿವಿಗೂ ಸಿಗುವುದಿಲ್ಲ. ಮಕ್ಕಳು ಸರಿಯಾದ ಉತ್ತರಕ್ಕೆ ತಪ್ಪು ಕಾರಣದಿಂದ ಬಂದಿದ್ದಾರೆ.

ಎಂಟನೇ ಕ್ಲಾಸ್ ವಿಜ್ಞಾನ

ಅಯ್ಯೋ, ಹೌದಲ್ಲ ಸರ್! ಖುಷಿಯಲ್ಲಿ ನಾನೂ ಗಮನಿಸಲಿಲ್ಲ.

ಸೋಮವಾರ ಇದನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ: 'ಜೋರಾಗಿ ಕೇಳಿತು. ಬೇಗ ಬಂತು ಅಂತ ಹೇಗೆ ಗೊತ್ತಾಯಿತು?' ಉತ್ತರ ನಾನು ಹೇಳುವುದಿಲ್ಲ.

ಗಣಿತದ ಮೇಷ್ಟ್ರು

ಸೋಮವಾರ ಸಂಜೆ ಇಲ್ಲೇ ಇರುತ್ತೇನೆ. ಮಕ್ಕಳು ಏನಂದರು ಅಂತ ಬರೆಯಿರಿ.